ಕುಡಿತ ಬಿಡುವವರಿಗೊಂದು ಕೋಣೆ



ಅಡಿಕೆ ಮಾರಿದ ಹಣ ಮನೆ ಮುಟ್ಟುವ ಮೊದಲೇ ಮದ್ಯದಂಗಡಿಯಲ್ಲಿ ಕರಗುವುದನ್ನು ನಾವೆಲ್ಲ ಕಂಡಿದ್ದೇವೆ. ಬಿಡಬೇಕೆಂದು ಆಣೆ ಮಾಡಿದವರೂ ಒಂಟಿಯಾಗಿ ಸೋಲುತ್ತಾರೆ. ಒಬ್ಬನ ಕೈಲಾಗದ್ದು ಹತ್ತು ಜನ ಕೂಡಿದರೆ ಆದೀತೆಂದೇ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿತು. 1935ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು, ಒಬ್ಬ ಶೇರು ವ್ಯವಹಾರದವ, ಇನ್ನೊಬ್ಬ ವೈದ್ಯ, ತಮ್ಮ ಕಷ್ಟ ಹೇಳಿಕೊಳ್ಳುತ್ತ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟದ ತತ್ವವೂ ಅದೇ. ಅಲ್ಲಿ ಶುಲ್ಕವಿಲ್ಲ, ಬಿಡುವ ಇಚ್ಛೆಯೊಂದೇ ಅರ್ಹತೆ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ನಮ್ಮವರಿಗೆ ದೂರಕ್ಕಿಂತ ದೊಡ್ಡ ಅಡ್ಡಿ ಅಂಜಿಕೆ. ಹಾಡಹಗಲೇ ಅಂಗಡಿಗೆ ಹೋಗುವವನು ಇಂಥ ಸಭೆಗೆ ಹೋಗಲು ನಾಚುತ್ತಾನೆ. ಆದ್ದರಿಂದ ಸಂಘದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇದಕ್ಕಾಗಿ ಬಿಟ್ಟುಕೊಡೋಣ. ನಡೆಸುವವರು ಕುಡಿತ ಬಿಟ್ಟವರೇ ಇರಲಿ. ಎಲ್ಲದಕ್ಕೂ ರಿಜಿಸ್ಟರ್ ಕೇಳುವ ನಾನೇ ಹೇಳುತ್ತೇನೆ: ಅಲ್ಲಿ ಹೆಸರು ಬರೆಯುವ ಪುಸ್ತಕ ಬೇಡ.

ಒಂದು ಎಚ್ಚರಿಕೆ. ಬಹುದಿನ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಮೊದಲು ಗದಗದ ಜಿಮ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಸರ್ಕಾರದ 14446 ಸಂಖ್ಯೆಗೆ ಫೋನ್ ಮಾಡಿದರೆ ಉಚಿತ ಸಲಹೆ ದೊರೆಯುತ್ತದೆ.

ಮುಂದಿನ ಸಭೆಯಲ್ಲಿ ಈ ಕೋಣೆಗೆ ತಮ್ಮ ಒಪ್ಪಿಗೆ ಕೋರುತ್ತೇನೆ.

— ಕಾರ್ಯದರ್ಶಿ