ದುಡಿಯುವವರು ಒಬ್ಬರು, ಹೆಸರು ಇನ್ನೊಬ್ಬರದು



ಹೋದ ಚಳಿಗಾಲದಲ್ಲಿ ಒಂದು ದಿನ ನಸುಕಿಗೇ ರೋಣ ತಾಲ್ಲೂಕಿನ ಹಳ್ಳಿಯೊಂದರಿಂದ ತುರ್ತು ಕರೆ ಬಂತು. ಎಚ್.ಎಫ್. ಆಕಳು ನೆಲ ಹಿಡಿದಿದೆ ಎಂದು ಹೇಳಿದವರು, ಸಂಘದ ಪುಸ್ತಕದಲ್ಲಿದ್ದ ಮಾಲೀಕರ ನಂಬರ್ ಕೊಟ್ಟರು. ಹೊರಡುವ ಮುಂಚೆ ಆ ನಂಬರಿಗೆ ಫೋನ್ ಮಾಡಿ, ಯಾವಾಗ ಈದಿದೆ ಎಂದು ಕೇಳಿದೆ.

"ಗೊತ್ತಿಲ್ರಿ ಸಾಹೇಬ್ರ, ನಾ ಗೋವಾದಾಗ ಅದೇನ್ರಿ, ಗಾಡಿ ಹೊಡಿಯಾಕ ಬಂದೇನಿ. ಮನ್ಯಾಗ ಕೇಳಿ ಹೇಳ್ತೇನ್ರಿ."

ಮನೆಯವರು ಕೊಟ್ಟಿಗೆಯಲ್ಲಿದ್ದರು, ಫೋನ್ ಒಳಗಿತ್ತು. ಅರ್ಧ ತಾಸು ಹೋಯಿತು. ಈದ ಮೇಲಿನ ತೊಂದರೆಯೋ, ಎಳೆ ಜೋಳ ತಿಂದು ಆದ ವಿಷಬಾಧೆಯೋ ತಿಳಿಯದೆ ಎರಡಕ್ಕೂ ಔಷಧ ಹಿಡಿದು ಹೊರಟೆ. ಅಲ್ಲಿಗೆ ಹೋದಾಗ ಆ ತಾಯಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು: "ನಿನ್ನಿ ಸಂಜೀಕ ಈದೈತ್ರಿ. ಗಿಣ್ಣದ ಹಾಲು ಪೂರಾ ಹಿಂಡೇನಿ. ನಸಿಕಿನ್ಯಾಗಿಂದ ಏಳವಲ್ದು, ಕಿವಿ ತಣ್ಣಗಾಗ್ಯಾವು, ಕುತ್ತಿಗಿ ಹೊಟ್ಟಿ ಕಡೆ ತಿರುವೇತಿ."

ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ಈ ತೊಂದರೆ ಹೆಚ್ಚಾಗಿ ಈದ ಮೂರು ದಿನದೊಳಗೆ ಕಾಣಿಸುತ್ತದೆ. ತಡವಾದರೆ ಜೀವಕ್ಕೇ ಅಪಾಯ. ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟ ಮೇಲೆ ಆಕಳು ಎದ್ದು ನಿಂತಿತು. ಚಿಕಿತ್ಸಾ ಪುಸ್ತಕ ತೆಗೆದು, "ಅಕ್ಕಾರ, ನಿಮ್ಮ ಹೆಸರು ಬರೀಲೇನ್ರಿ?" ಎಂದೆ. "ಬ್ಯಾಡ್ರಿ, ಅವರ ಹೆಸರ ಬರೀರಿ. ನಾ ಏನ್ ಮಾಡ್ತೇನ್ರಿ, ಮನ್ಯಾಗ ಇರ್ತೇನಿ" ಎಂದರು.

ನಾನೂ ಅವರ ಹೆಸರು ಬಿಟ್ಟು ಗಂಡನ ಹೆಸರನ್ನೇ ಬರೆದು ಬಂದೆ. ಅದು ತಪ್ಪೆಂದು ಆಮೇಲೆ ತಿಳಿಯಿತು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಮಳೆ ಕೈಕೊಟ್ಟು ಹೆಸರು, ಕಡಲೆ ಕೈಗೆ ಹತ್ತದಿದ್ದರೆ ಗಂಡಸರು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ರೈತ ಚಾಲಕನಾಗುತ್ತಾನೆ, ಗಾರೆ ಕೆಲಸಗಾರನಾಗುತ್ತಾನೆ. ಅದನ್ನು ಎಲ್ಲರೂ ಕಸುಬು ಬದಲಾಯಿತು ಎನ್ನುತ್ತಾರೆ. ಅದೇ ದಿನ ಹಿಂದೆ ಉಳಿದ ಹೆಣ್ಣುಮಗಳ ಕಸುಬೂ ಬದಲಾಗುತ್ತದೆ. ನಿನ್ನೆಯವರೆಗೆ ಕೈಜೋಡಿಸುತ್ತಿದ್ದವರು ಇಂದಿನಿಂದ ಪೂರ್ಣ ಹೈನುಗಾರರು. ಅದನ್ನು ಯಾರೂ ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದುಡಿಯುವವರಲ್ಲಿ ನೂರಕ್ಕೆ 42.5 ಜನ ಕೃಷಿ ಮತ್ತು ಅದಕ್ಕೆ ಹೊಂದಿದ ಕಸುಬುಗಳಲ್ಲಿದ್ದರು. ಕೊರೊನಾ ಕಾಲದಲ್ಲಿ, 2020-21ರಲ್ಲಿ, ಅದು 46.5ಕ್ಕೆ ಏರಿತು. 2023-24ರಲ್ಲೂ 46.1 ಇತ್ತು. ಅದೇ ವರ್ಷ ಹಳ್ಳಿಯ ದುಡಿಯುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ ಕೃಷಿಯಲ್ಲಿದ್ದರೆ, ಹೆಂಗಸರಲ್ಲಿ ನೂರಕ್ಕೆ ಸುಮಾರು 77 ಜನ ಇದ್ದರು. ಹೊಲ ಮತ್ತು ಕೊಟ್ಟಿಗೆ ಹೆಣ್ಣುಮಕ್ಕಳ ಕೈಗೆ ಬಂದಿವೆ. ಪುಸ್ತಕದಲ್ಲಿ ಹೆಸರು ಮಾತ್ರ ಬಂದಿಲ್ಲ.

"ದುಡ್ಡು ಒಂದೇ ಮನೆಗೆ ಬರ್ತೈತಿ, ಹೆಸರು ಯಾರದಿದ್ದರೇನ್ರಿ?" ಎಂದು ಹಿರಿಯರು ಕೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ ಹಾಲಿನ ಬಿಲ್ಲು, ಪ್ರೋತ್ಸಾಹಧನ ಎಲ್ಲವೂ ಅವರ ಖಾತೆಗೆ. ತರಬೇತಿಯ ಕರೆ ಅವರಿಗೆ, ಸರ್ವಸದಸ್ಯರ ಸಭೆಯ ಮತ ಅವರದು. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಪಶುಪಾಲಕರಿಗೂ ಸಿಗುತ್ತಿದೆ; ಆದರೆ ಹತ್ತು ವರ್ಷ ಹಾಲು ಹಾಕಿದ ಹೆಣ್ಣುಮಗಳು ಬ್ಯಾಂಕಿಗೆ ಹೋದರೆ ತೋರಿಸಲು ಅವರ ಹೆಸರಿನಲ್ಲಿ ಒಂದು ಲೀಟರ್ ಹಾಲಿನ ಲೆಕ್ಕವೂ ಇರುವುದಿಲ್ಲ. ಇನ್ನು ತುರ್ತು ಸಮಯದ ಫೋನ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೇಲೆಯೇ ಹೇಳಿದ್ದೇನೆ. ಮಹಿಳಾ ಹಾಲು ಉತ್ಪಾದಕರ ಸಂಘಗಳಿರುವ ಊರಿಗೆ ನಾನು ಫೋನ್ ಮಾಡಿದರೆ ಎತ್ತುವವರು ಆಕಳ ಪಕ್ಕದಲ್ಲೇ ಇರುತ್ತಾರೆ.

ಗಂಡಸರ ಹೆಸರು ಅಳಿಸಿ ಎಂದು ನಾನು ಹೇಳುತ್ತಿಲ್ಲ. ಊರು ಬಿಟ್ಟು ದುಡಿಯುವವರ ಕಷ್ಟ ಸಣ್ಣದಲ್ಲ. ನನ್ನ ಮನವಿ ಎರಡೇ.

ಒಂದು, ಹಾಲು ಹಿಂಡಿ ಡೇರಿಗೆ ಹಾಕುವವರು ಮನೆಯ ಹೆಣ್ಣುಮಗಳಾಗಿದ್ದರೆ ಅವರ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಿ, ಅವರ ಖಾತೆಗೇ ಬಿಲ್ಲು ಹೋಗಲಿ. ಕಾರ್ಯದರ್ಶಿಗಳು ಈ ತಿಂಗಳೇ ಕುಳಿತು ಅಂಥ ಮನೆಗಳ ಪಟ್ಟಿ ಮಾಡಲಿ. ಅಲ್ಲಿಯವರೆಗೆ ಕನಿಷ್ಠ ಅವರ ಫೋನ್ ನಂಬರನ್ನಾದರೂ ಪುಸ್ತಕದಲ್ಲಿ ಬರೆದಿಡಲಿ. ನನ್ನ ಚಿಕಿತ್ಸಾ ಪುಸ್ತಕದಲ್ಲಿ ಈಗ ಮಾಲೀಕರ ಹೆಸರಿನ ಕೆಳಗೆ "ನೋಡಿಕೊಳ್ಳುವವರು" ಎಂದು ಇನ್ನೊಂದು ಸಾಲು ಹಾಕಿಕೊಂಡಿದ್ದೇನೆ.

ಎರಡು, 2027ರ ಫೆಬ್ರವರಿಯಲ್ಲಿ ಜನಗಣತಿಯವರು ಮನೆಗೆ ಬರುತ್ತಾರೆ. 2011ರ ಜನಗಣತಿಯಲ್ಲಿ ಮನೆ ಬಳಕೆಗಷ್ಟೇ ಹಾಲು ಉತ್ಪಾದಿಸಿದರೂ ಅದನ್ನು ದುಡಿಮೆ ಎಂದೇ ಎಣಿಸಬೇಕಿತ್ತು. ವರ್ಷದಲ್ಲಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ದುಡಿದವರನ್ನು ಮುಖ್ಯ ದುಡಿಮೆಗಾರರೆಂದು ಕರೆದರು. ಆಕಳಿಗೆ ರಜೆಯೆಂಬುದಿಲ್ಲ, ನೋಡಿಕೊಳ್ಳುವವರಿಗೂ ಇಲ್ಲ. ಹಾಗಾಗಿ ತಾಯಂದಿರೇ, ಉದ್ಯೋಗವೇನು ಎಂದು ಕೇಳಿದಾಗ "ಮನ್ಯಾಗ ಇರ್ತೇನ್ರಿ" ಎನ್ನಬೇಡಿ. "ಹೈನುಗಾರಿಕೆ ಮಾಡ್ತೇನ್ರಿ" ಎನ್ನಿ. ಮನೆಯ ಗಂಡಸರು ಉತ್ತರ ಹೇಳುತ್ತಿದ್ದರೆ ಅವರೂ ಅದನ್ನೇ ಹೇಳಲಿ.