ತವರಿನ ಪಾಲು: ಸಹಿ ಹಾಕುವ ಮುನ್ನ

ಊರಿನಿಂದ ಅಣ್ಣನ ಫೋನು ಬರುತ್ತದೆ. ಮಳೆ, ಬೆಳೆ, ಮಕ್ಕಳ ಪರೀಕ್ಷೆ ಎಲ್ಲ ಮುಗಿದ ಮೇಲೆ ಮಾತು ಮೆಲ್ಲಗೆ ತಿರುಗುತ್ತದೆ. "ಅಪ್ಪನ ಹೆಸರಲ್ಲಿರೋ ಜಮೀನು ನಮ್ಮ ಹೆಸರಿಗೆ ಮಾಡಿಸ್ಬೇಕು ಕಣೇ. ನಿಂದೊಂದು ಸಹಿ ಬೇಕಂತೆ. ಮೇ ರಜೆಗೆ ಬಂದಾಗ ಒಂದಿನ ಮುಗಿಸಿಬಿಡೋಣ. ಬರೋಕಾಗ್ದಿದ್ರೆ ಅಲ್ಲಿಂದ್ಲೇ ಒಂದು ಜಿಪಿಎ ಕಳ್ಸು." ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿ ನೆಲೆಸಿದ್ದರೂ ನಮ್ಮ ಹೆಣ್ಣುಮಕ್ಕಳಿಗೆ ಈ ಫೋನು ಹೊಸದಲ್ಲ. ಅಣ್ಣನ ದನಿಯಲ್ಲಿ ಮೋಸವಿರಬೇಕೆಂದೇನೂ ಇಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಕೇಳುತ್ತಿರುತ್ತಾನೆ. ತಂಗಿಯೂ ಎಲ್ಲರಂತೆಯೇ "ಆಯ್ತಣ್ಣ" ಎನ್ನುತ್ತಾಳೆ.

ಈ ತಿಂಗಳು ಆ "ಆಯ್ತಣ್ಣ"ದ ಬಗ್ಗೆ ಮಾತಾಡೋಣ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲಿದೆ ಎಂಬುದು ಇಂದು ಎಲ್ಲರಿಗೂ ಗೊತ್ತಿರುವ ಒಂದು ಸಾಲು. ಆದರೆ ಆ ಸಾಲಿನ ಒಳಗೆ ಏನಿದೆ, ತಾನು ಸಹಿ ಹಾಕುತ್ತಿರುವ ಕಾಗದ ಯಾವುದು ಎಂದು ಕೇಳಿದರೆ ಓದಿದವರೂ ತಡವರಿಸುತ್ತಾರೆ.

ಕಲ್ಯಾಣದಿಂದ ದೆಹಲಿಯವರೆಗೆ

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ದೇಶದ ಬಹುಭಾಗದಲ್ಲಿ ಆಧಾರವಾಗಿರುವುದು ಮಿತಾಕ್ಷರ ಪದ್ಧತಿ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ನೆಲದವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವನ್ನೇ ಮುಂದೆ ಬ್ರಿಟಿಷರ ಕೋರ್ಟುಗಳೂ ಒಪ್ಪಿಕೊಂಡವು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲು ಎಂಬುದು ಈ ಪದ್ಧತಿಯ ತಿರುಳು. ಹೆಣ್ಣುಮಗಳಿಗೆ ಆ ಹಕ್ಕು ಇರಲಿಲ್ಲ.

ಅದನ್ನು ಬದಲಿಸುವ ಮೊದಲ ಹೆಜ್ಜೆಗಳಲ್ಲೂ ನಮ್ಮವರ ಪಾಲಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆಂದು ಒಂದು ಕಾಯ್ದೆ ತಂದು, ಮನೆ ಪಾಲಾಗುವಾಗ ತಾಯಿಗೆ, ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕೆಲವು ಸಂದರ್ಭಗಳಲ್ಲಿ ಪಾಲು ಕೊಟ್ಟಿತು. 1941ರಲ್ಲಿ ಹಿಂದೂ ಕಾನೂನಿನ ಸುಧಾರಣೆಗೆ ನೇಮಕವಾದ ಸಮಿತಿಯ ಅಧ್ಯಕ್ಷರಾಗಿದ್ದವರು ಮಂಗಳೂರು ಮೂಲದ ಬೆನೆಗಲ್ ನರಸಿಂಗ ರಾವ್. ಆ ಕೆಲಸವನ್ನು ಹಿಂದೂ ಸಂಹಿತೆಯ ಮಸೂದೆಯಾಗಿ ಮುಂದಕ್ಕೊಯ್ದವರು ಕಾನೂನು ಮಂತ್ರಿ ಅಂಬೇಡ್ಕರ್. ಮಸೂದೆ ಸಂಸತ್ತಿನಲ್ಲಿ ಮುಂದೆ ಸಾಗದೆ ನಿಂತದ್ದು 1951ರಲ್ಲಿ ಅವರ ರಾಜೀನಾಮೆಗೆ ಒಂದು ಮುಖ್ಯ ಕಾರಣ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅರ್ಧ ದಾರಿ ಬಂತು. ತಂದೆ ತೀರಿಕೊಂಡರೆ ಅವನ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು, ಆದರೆ ಹುಟ್ಟಿನಿಂದ ಬರುವ ಪಾಲನ್ನು ಗಂಡುಮಕ್ಕಳಿಗೇ ಉಳಿಸಿತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಪಾಲು ಕೇಳುವ ಹಾಗೂ ಇರಲಿಲ್ಲ. ಮುಂದೆ ಆಂಧ್ರಪ್ರದೇಶ, ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ತಮ್ಮ ತಮ್ಮ ತಿದ್ದುಪಡಿ ತಂದವು. ಕರ್ನಾಟಕದ್ದು 30-7-1994ರಂದು ಜಾರಿಗೆ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತು. ಕೊನೆಗೆ 9-9-2005ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಗೆರೆಯನ್ನು ಅಳಿಸಿಹಾಕಿತು. ಮಗನಂತೆಯೇ ಮಗಳೂ ಹುಟ್ಟಿನಿಂದ ಪಾಲುದಾರಳು. ಸಾಲದಂಥ ಹೊಣೆಯಲ್ಲೂ ಅವಳು ಮಗನ ಸಮ. ವಾಸದ ಮನೆಯ ಅಡ್ಡಿಯೂ ಹೋಯಿತು.

ಒಂಬತ್ತು ಎಕರೆಯ ಲೆಕ್ಕ

ಇದರಿಂದ ಏನು ಬದಲಾಯಿತು ಎಂಬುದು ಒಂದು ಲೆಕ್ಕದಲ್ಲಿ ತಿಳಿಯುತ್ತದೆ. ಪಾಲಾಗದ ಪಿತ್ರಾರ್ಜಿತ ಜಮೀನು 9 ಎಕರೆ ಇದೆ ಎನ್ನಿ. ತಂದೆ, ಇಬ್ಬರು ಗಂಡುಮಕ್ಕಳು, ಬಹಳ ಹಿಂದೆಯೇ ಮದುವೆಯಾದ ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾರೆ. ತಂದೆ ಉಯಿಲು ಬರೆಯದೆ ಹೋಗುತ್ತಾರೆ.

ಹಳೆಯ ಕಾನೂನಿನಲ್ಲಿ ಮೊದಲು ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು ಎಕರೆ. ಬಳಿಕ ತಂದೆಯ ಮೂರು ಎಕರೆ ಮೂವರು ಮಕ್ಕಳಿಗೆ ಹಂಚಿಕೆ. ಕೊನೆಗೆ ಗಂಡುಮಕ್ಕಳಿಗೆ ತಲಾ 4 ಎಕರೆ, ಮಗಳಿಗೆ 1 ಎಕರೆ. ಈಗಿನ ಕಾನೂನಿನಲ್ಲಿ ಮೊದಲೇ ನಾಲ್ಕು ಪಾಲು, ತಂದೆಯ ಪಾಲು ಮತ್ತೆ ಮೂವರಿಗೆ. ಕೊನೆಗೆ ಮೂವರಿಗೂ 3 ಎಕರೆ. ಒಂದು ಎಕರೆಗೂ ಮೂರು ಎಕರೆಗೂ ಇರುವ ಈ ಅಂತರ, ಗಂಡನನ್ನು ಕಳೆದುಕೊಂಡು ಡೊಂಬಿವಲಿಯ ಬಾಡಿಗೆ ಮನೆಯಲ್ಲಿ ಮಕ್ಕಳನ್ನು ಓದಿಸುತ್ತಿರುವ ಹೆಣ್ಣುಮಗಳಿಗೆ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಿಲ್ಲ.

ಇದು ಪಿತ್ರಾರ್ಜಿತದ ಮಾತು. ತಂದೆಯ ಸ್ವಯಾರ್ಜಿತ ಆಸ್ತಿಯನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೆ ಹೋದರೆ ಹೆಂಡತಿ, ಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ತುಳುನಾಡಿನ ಅಳಿಯಸಂತಾನದ ಕುಟುಂಬಗಳ ಲೆಕ್ಕ ಬೇರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು. ಇವನ್ನು ಬಲ್ಲ ವಕೀಲರನ್ನೇ ಕೇಳಬೇಕು.

ಮೂರು ತೀರ್ಪುಗಳು

2005ರ ತಿದ್ದುಪಡಿ ಬಂದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಆ ದಿನಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ? ಪ್ರಕಾಶ್ ಮತ್ತು ಫೂಲವತಿ ನಡುವಿನ ಮೊಕದ್ದಮೆಯಲ್ಲಿ, 2015ರಲ್ಲಿ, ಆ ದಿನ ತಂದೆ ಮಗಳು ಇಬ್ಬರೂ ಬದುಕಿರಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. 2018ರ ದಾನಮ್ಮ ಮೊಕದ್ದಮೆಯಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದರೂ, ಅದೇ ಕೋರ್ಟು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ಮೊಕದ್ದಮೆಗಳು. ಒಂದಕ್ಕೊಂದು ಹೊಂದದ ಈ ತೀರ್ಪುಗಳ ನಡುವೆ ಕೆಳಗಿನ ಕೋರ್ಟುಗಳೂ ಕಕ್ಷಿದಾರರೂ ಗೊಂದಲಕ್ಕೆ ಬಿದ್ದರು.

ಆ ಗೊಂದಲ ಮುಗಿದದ್ದು 11-8-2020ರಂದು, ವಿನೀತಾ ಶರ್ಮಾ ಮೊಕದ್ದಮೆಯಲ್ಲಿ. ಮೂವರು ನ್ಯಾಯಮೂರ್ತಿಗಳ ಆ ಪೀಠದಲ್ಲಿ ನಮ್ಮ ದಕ್ಷಿಣ ಕನ್ನಡದ ಅಬ್ದುಲ್ ನಜೀರ್ ಅವರೂ ಇದ್ದರು. ಹಕ್ಕು ಬರುವುದು ಹುಟ್ಟಿನಿಂದ, ಹಾಗಾಗಿ 2005ರಲ್ಲಿ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಪೀಠ ತೀರ್ಮಾನಿಸಿತು. "ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿದೆ" ಎಂಬ ವಾದವನ್ನು ಸುಲಭಕ್ಕೆ ಒಪ್ಪಬಾರದು, ಅದಕ್ಕೆ ಸರ್ಕಾರಿ ದಾಖಲೆಗಳ ಬಲವಿರಬೇಕು ಎಂದೂ ಹೇಳಿತು.

ಹಾಗೆಂದು ಹಳೆಯದನ್ನೆಲ್ಲ ಕೆದಕಲಾಗುವುದಿಲ್ಲ. 20-12-2004ಕ್ಕೆ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲು, ಆ ದಿನಕ್ಕೆ ಮೊದಲೇ ಕಾನೂನುಬದ್ಧವಾಗಿ ಆದ ಮಾರಾಟ ಹಾಗೆಯೇ ನಿಲ್ಲುತ್ತವೆ. ಪಾಲಿನಿಂದ ತನ್ನನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕು. ಗೊತ್ತಿದ್ದೂ ಸುಮ್ಮನೆ ಕುಳಿತರೆ ಕಾಲ ಮೀರುತ್ತದೆ.

ಆ ಸಹಿ ಯಾವ ಕಾಗದಕ್ಕೆ?

ಇಷ್ಟು ಹೋರಾಡಿ ಬಂದ ಹಕ್ಕು ಹೋಗುವುದು ಸಾಮಾನ್ಯವಾಗಿ ಕೋರ್ಟಿನಲ್ಲಿ ಅಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. "ಖಾತೆ ಬದಲಾವಣೆಗೆ ಒಂದು ಸಹಿ" ಎಂದು ಕೇಳಿದಾಗ ಅದು ಮೂರರಲ್ಲಿ ಒಂದಾಗಿರಬಹುದು.

ಮೊದಲನೆಯದು ಪೌತಿ ಖಾತೆ. ತೀರಿಕೊಂಡವರ ಹೆಸರಿನ ಬದಲು ವಾರಸುದಾರರ ಹೆಸರು ಸೇರಿಸುವುದು. ಇದಕ್ಕೆ ಆಧಾರ ವಂಶವೃಕ್ಷ. ಅದರಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ ನೋಡಿ. ಖಾತೆಯಲ್ಲಿ ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕಂದಾಯ ದಾಖಲೆ ಮಾಲೀಕತ್ವವನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಆದರೆ ಹೆಸರಿಲ್ಲದ ಜಮೀನು ನಿಮಗೆ ತಿಳಿಯದಂತೆ ಮಾರಾಟವಾಗುವುದು ಸುಲಭ.

ಎರಡನೆಯದು ವಿಭಾಗ ಪತ್ರ. ಯಾರಿಗೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಂದು ಬರೆದದ್ದು. ನಿಮ್ಮ ಹೆಸರಿನ ಮುಂದೆ ಏನಿದೆ ಎಂಬುದೇ ಇಲ್ಲಿ ಮುಖ್ಯ.

ಮೂರನೆಯದು ಹಕ್ಕು ಬಿಡುಗಡೆ ಪತ್ರ. "ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ" ಎಂಬ ಸಾಲು ಇದರಲ್ಲಿ ತಪ್ಪದೆ ಇರುತ್ತದೆ. ಒಮ್ಮೆ ನೋಂದಣಿಯಾದರೆ ಪಾಲು ಹೋಯಿತು. ಮೋಸದಿಂದ ಸಹಿ ಹಾಕಿಸಿಕೊಂಡಿದ್ದರೆ, ಅದು ಗೊತ್ತಾದ ಮೂರು ವರ್ಷದೊಳಗೆ ಪತ್ರ ರದ್ದತಿಗೆ ದಾವೆ ಹೂಡಬಹುದು. ಆದರೆ ಸ್ವಸಂತೋಷದ ಆ ಸಾಲಿನ ಕೆಳಗೆ ನಿಮ್ಮದೇ ಸಹಿ, ಹೆಬ್ಬೆಟ್ಟು, ಫೋಟೊ ಇರುವಾಗ ಸಾಬೀತು ಮಾಡುವ ಹೊಣೆ ನಿಮ್ಮದೇ.

ಹೊರನಾಡಿನಲ್ಲಿರುವ ನಮಗೆ ಜಿಪಿಎ ಇನ್ನೊಂದು ಬಾಗಿಲು. ಕೊಡಲೇಬೇಕಾದರೆ ಇಂಥ ಕೆಲಸಕ್ಕೆ, ಇಂಥ ಸರ್ವೆ ನಂಬರಿಗೆ ಎಂದು ಸ್ಪಷ್ಟವಾಗಿ ಬರೆಸಿ. ಮಾರುವ, ದಾನ ಕೊಡುವ, ಹಕ್ಕು ಬಿಡುವ ಅಧಿಕಾರ ಇಲ್ಲ ಎಂದೂ ಸೇರಿಸಿ.

ಅಣ್ಣನ ಮಾತೂ ಇದೆ

ಇನ್ನೊಂದು ಕಡೆಯನ್ನೂ ನೋಡಬೇಕು. ಊರಲ್ಲಿ ಉಳಿದವನು ಅಣ್ಣ. ಬರಗಾಲದಲ್ಲಿ ಬೋರ್‌ವೆಲ್ ಕೊರೆಸಿ ಸಾಲ ಹೊತ್ತವನು, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದವನು, ಅಮ್ಮನ ಕೊನೆಗಾಲದಲ್ಲಿ ಪಕ್ಕದಲ್ಲಿದ್ದವನು. ಅನೇಕ ಮನೆಗಳಲ್ಲಿ ಆ ಕೆಲಸ ಮಾಡಿದವಳು ಅತ್ತಿಗೆ, ಅವಳ ಹೆಸರಂತೂ ಯಾವ ಕಾಗದದಲ್ಲೂ ಇರುವುದಿಲ್ಲ. ಪಾಲಿನ ಲೆಕ್ಕ ಹಾಕುವಾಗ ಕಾನೂನು ಈ ದುಡಿಮೆಯನ್ನು ತೂಗಿ ನೋಡುವುದಿಲ್ಲ. "ಪಟ್ಟಣದಲ್ಲಿ ಫ್ಲ್ಯಾಟು ಇರುವ ತಂಗಿಗೆ ನಾನು ಉಳುವ ಮೂರು ಎಕರೆ ಯಾಕೆ?" ಎಂಬ ಅವನ ಪ್ರಶ್ನೆ ದುರಾಸೆಯದ್ದೇ ಆಗಿರಬೇಕಿಲ್ಲ.

ಆದರೆ ಉತ್ತರ ತಂಗಿಯ ಕಣ್ಣಿಗೆ ಬಟ್ಟೆ ಕಟ್ಟುವುದಲ್ಲ. ಅಣ್ಣತಮ್ಮಂದಿರ ನಡುವೆಯೂ ಇಂಥ ತಾರತಮ್ಯ ಇರುತ್ತದೆ. ಬೆಂಗಳೂರು ಸೇರಿದ ತಮ್ಮನ ಪಾಲನ್ನು ಯಾರೂ "ಒಂದು ಸಹಿ" ಎಂದು ಕೇಳುವುದಿಲ್ಲ, ಕೂತು ಮಾತಾಡುತ್ತಾರೆ. ತಂಗಿಯ ಜೊತೆಗೂ ಹಾಗೆಯೇ ಕೂತು ಮಾತಾಡಬಹುದು. ಮನೆ, ಬಾವಿಯ ಪಕ್ಕದ ತೋಟ ಅಣ್ಣನಿಗಿರಲಿ, ತಂಗಿಗೆ ರಸ್ತೆ ಬದಿಯ ತುಂಡು ಅಥವಾ ಅದರ ಬೆಲೆ ಎಂದು ತೀರ್ಮಾನಿಸಬಹುದು. ಹಣ ಕೊಡುವುದಾದರೆ ಪತ್ರದಲ್ಲಿ ಮೊತ್ತ ಬರೆದು ಬ್ಯಾಂಕಿನ ಮೂಲಕ ಕೊಡಲಿ. ತಂಗಿ ಹೊರಗಿನವರಿಗೆ ಮಾರಿಬಿಟ್ಟಾಳು ಎಂಬ ಭಯಕ್ಕೂ ಕಾನೂನಿನಲ್ಲಿ ಒಂದಷ್ಟು ಉತ್ತರವಿದೆ. ತಂದೆಯಿಂದ ಉತ್ತರಾಧಿಕಾರವಾಗಿ ಬಂದ ಪಾಲನ್ನು ಒಬ್ಬರು ಮಾರಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು ಜೊತೆ ವಾರಸುದಾರರದು.

"ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂಬ ಮಾತಿಗೆ ಮಾತ್ರ ಕಾನೂನಿನಲ್ಲಿ ಜಾಗವಿಲ್ಲ. ಮದುವೆಯ ಖರ್ಚು ಪಾಲನ್ನು ತೀರಿಸುವುದಿಲ್ಲ.

ಎಲ್ಲ ತಿಳಿದೂ ತಂಗಿ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ, ಅವಳ ಹಕ್ಕೂ ಹೌದು. ಆದರೆ ತನಗೆ ಮೂರು ಎಕರೆ ಇದೆ ಎಂದು ಗೊತ್ತಿದ್ದವಳು ಮಾತ್ರ ಅದನ್ನು ಕೊಡಬಲ್ಲಳು. ಗೊತ್ತಿಲ್ಲದವಳಿಂದ ಪಡೆದದ್ದಕ್ಕೆ ಕೊಡುಗೆ ಎಂಬ ಹೆಸರು ಸಲ್ಲದು. ಗೌರಿ ಹಬ್ಬದ ಬಾಗಿನ, ಅರಿಶಿನ ಕುಂಕುಮ ನಿಂತುಹೋದೀತು ಎಂಬ ಹೆದರಿಕೆಯಿಂದ ಬಿದ್ದ ಸಹಿಯನ್ನೂ ಸ್ವಸಂತೋಷ ಎನ್ನಲಾಗದು.

ಇಲ್ಲಿಂದಲೇ ಮಾಡಬಹುದಾದದ್ದು

ಕರ್ನಾಟಕದ ಭೂಮಿ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಪಹಣಿ ನಿಮ್ಮ ಮೊಬೈಲಿನಲ್ಲೇ ಕಾಣುತ್ತದೆ. 9ನೇ ಕಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲವೇನಾದರೂ ಇದೆಯೇ ನೋಡಿ. ಕಾವೇರಿ ತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ಪಡೆದರೆ ಆ ಜಮೀನಿನ ಮೇಲೆ ಯಾವ ಪತ್ರಗಳು ನೋಂದಣಿಯಾಗಿವೆ ಎಂದು ತಿಳಿಯುತ್ತದೆ. ಸಹಿಗೆ ಮೊದಲು ಕರಡು ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿ, ಅಣ್ಣನ ವಕೀಲರಲ್ಲದ ಬೇರೊಬ್ಬ ವಕೀಲರಿಗೆ ತೋರಿಸಿ.

ವ್ಯಾಜ್ಯ ಅನಿವಾರ್ಯವಾದರೆ ದಾವೆ ಹೂಡಬೇಕಾದದ್ದು ಜಮೀನಿರುವ ಊರಿನ ಕೋರ್ಟಿನಲ್ಲಿ. ಮುಂಬೈಯಲ್ಲೋ ದೆಹಲಿಯಲ್ಲೋ ಅಲ್ಲ. ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಇದರ ಕಚೇರಿಗಳಿವೆ, 15100ಕ್ಕೆ ಕರೆ ಮಾಡಿದರೂ ಆಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲ, ಮೇಲ್ಮನವಿಯೂ ಇಲ್ಲ. ಹಾಗಾಗಿ ಅಲ್ಲಿಯೂ ಓದಿಯೇ ಒಪ್ಪಿ.

ಕೊನೆಗೆ ನಮ್ಮ ಸಂಘಗಳಿಗೊಂದು ಮಾತು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹೆಣ್ಣುಮಕ್ಕಳು ಕನ್ನಡ ಮಾತಾಡುತ್ತಾರೆ, ಹಲವರಿಗೆ ಓದಲು ಬಾರದು. ಊರಿನ ವಂಶವೃಕ್ಷ, ಪಹಣಿ, ಪತ್ರ ಎಲ್ಲವೂ ಇರುವುದು ಕನ್ನಡದಲ್ಲಿ. ಸಂಘದ ಕನ್ನಡ ತರಗತಿಯಲ್ಲಿ ಕಥೆ ಪದ್ಯಗಳ ಜೊತೆ ಒಂದು ಸಂಜೆ ಒಂದು ಪಹಣಿಯನ್ನೂ ಒಂದು ಹಕ್ಕು ಬಿಡುಗಡೆ ಪತ್ರದ ಮಾದರಿಯನ್ನೂ ಓದಿಸಿ. ನಮ್ಮಲ್ಲೇ ಇರುವ ವಕೀಲರನ್ನು ಕರೆಸಿ. ಗಂಡುಮಕ್ಕಳನ್ನೂ ಕೂರಿಸಿ. ನಾಳೆ ತಂಗಿಗೆ ಫೋನು ಮಾಡುವವರು ಅವರೇ.