ಕೆಂಪ ತತ್ತಿ ಎಲ್ಲಾ ಜವಾರಿ ಅಲ್ರೀ

ಹಾನಗಲ್ಲ, ಸವಣೂರ, ಹಿರೇಕೆರೂರ, ಯಾವ ಸಂತಿಗೆ ಹೋದ್ರೂ ಒಂದ ಪ್ರಶ್ನಿ: "ಕೆಂಪ ತತ್ತಿ ಅದಾವೇನ?" ಅಕ್ಕಾರ, ತತ್ತಿ ಬಣ್ಣಾ ನೋಡಿ ಕೋಳಿ ಆರಿಸೋದಂದ್ರ ಸೀರಿ ಬಣ್ಣಾ ನೋಡಿ ಸೊಸಿ ತಂದಂಗ.

ಸಿಪ್ಪಿ ಬಣ್ಣಾ ಬರೋದು ತಳಿಯಿಂದ. ಒಳಗಿನ ಸತ್ವಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಳಗಿನ ಹಳದಿ ಗಾಢ ಆಗೋದು ತಿಂದ ಗೋವಿನಜೋಳ, ಹಸರ ತಪ್ಪಲದಿಂದ. ಫಾರಂ ಪಂಜರದಾಗಿನ ಕೋಳೀನೂ ಕೆಂಪ ತತ್ತಿ ಇಡತೈತಿ. ಹಿತ್ತಲದಾಗ ಕೆದರಿ ತಿನ್ನೋ ಜವಾರಿ ಹ್ಯಾಟಿದು ಸಣ್ಣದು, ಕೆನಿಬಣ್ಣದ್ದು. ಅದನ್ನ ಬುಟ್ಟ್ಯಾಗ ಹೊತ್ತು ತಂದ ಹೆಣಮಗಳಿಗೆ "ಇದು ಜವಾರಿ ಅಲ್ಲ ಬಿಡು" ಅಂದು ರೇಟ್ ಮುರಿಯೋದು ಯಾವ ನ್ಯಾಯ?

ಬರೇ ತತ್ತಿ ಮಾರಬೇಕಂದ್ರ ಗಿರಿರಾಜ ಸಾಕ್ರಿ. ಬೆಂಗಳೂರ ಹೆಬ್ಬಾಳದಾಗ ತಯಾರಾದ ತಳಿ. ವರ್ಷಕ್ಕ 130-150 ಕಂದು ತತ್ತಿ ಕೊಡತೈತಿ. ಜವಾರಿ 50-60 ಅಷ್ಟ. ಆದ್ರ ಜವಾರಿ ತಾನ ಕಾವಿಗೆ ಕೂತು ಮರಿ ಮಾಡತೈತಿ. ಗಿರಿರಾಜಕ್ಕ ಆ ಬುದ್ಧಿ ಇಲ್ಲ, ಮತ್ತ ಮತ್ತ ರೊಕ್ಕಾ ಕೊಟ್ಟ ಮರಿ ತರಬೇಕು.

ಮಾರೋರು ತಳಿ ಹೆಸರ ಹೇಳಿ ಮಾರ್ರಿ. ಕೊಳ್ಳೋರು ಬಣ್ಣಾ ಬಿಟ್ಟು, ಯಾವ ಕೋಳಿ, ಎಲ್ಲಿ ಮೇಯತೈತಿ ಅಂತ ಕೇಳ್ರಿ.